ಚಾಕಣದಲ್ಲಿ ಬೀಗ ಹಾಕಿದ ಮನೆಗಳು

ಧಾರವಾಡದಿಂದ ನಿಪ್ಪಾಣಿಯವರೆಗೆ ಪುಕ್ಕಟೆ, ನಿಪ್ಪಾಣಿಯಿಂದ ಪುಣೆಯವರೆಗೆ ಅರ್ಧ ಚಾರ್ಜು. ನನ್ನ ಪ್ರವಾಸ ಶುರುವಾದದ್ದು ಹೀಗೆ. ನಮ್ಮ ಸರಕಾರಿ ಬಸ್ಸಿನಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೀಟಿಲ್ಲ. ಗಡಿ ದಾಟಿದರೆ ಮಹಾರಾಷ್ಟ್ರದ ಎಸ್.ಟಿ.ಯವರು ಹೆಂಗಸರಿಗೆ ಅರ್ಧ ಟಿಕೀಟು ಹರಿಯುತ್ತಾರೆ. ನೇರ ಬಸ್ಸು ಬಿಟ್ಟು ನಿಪ್ಪಾಣಿಯಲ್ಲಿ ಇಳಿದು ಹತ್ತುವ ಈ ಉಪಾಯವನ್ನು ನನಗೆ ಹೇಳಿಕೊಟ್ಟದ್ದು ನಮ್ಮ ಓಣಿಯ ಹೆಣ್ಣುಮಕ್ಕಳು. ಆಗಸ್ಟ್ ತಿಂಗಳು, ಜಿಟಿಜಿಟಿ ಮಳೆ. ಕೊಲ್ಲಾಪುರ ದಾಟುವವರೆಗೂ ರಸ್ತೆಯ ಎರಡೂ ಕಡೆ ಕಬ್ಬು ತೊಯ್ದು ನಿಂತಿತ್ತು. ಸಾತಾರೆಯ ಸ್ಟ್ಯಾಂಡಿನಲ್ಲಿ ಬಿಸಿ ವಡಾಪಾವ ತಿಂದು, ಕಾಲು ಕಿಲೋ ಕಂದಿ ಪೇಢೆ ಕಟ್ಟಿಸಿಕೊಂಡೆ. ಸ್ವಾರಗೇಟಿನಲ್ಲಿ ಇಳಿದಾಗ ದೀಪ ಹತ್ತುವ ಹೊತ್ತು.

ಪೇಢೆ ಶೈಲಾಳಿಗಾಗಿ. ಶೈಲಾ ನನ್ನ ಹಳೆಯ ವಿದ್ಯಾರ್ಥಿನಿ, ಮದುವೆಯಾಗಿ ಬಂದು ಪುಣೆಯ ಅಂಚಿನ ವಾಕಡದಲ್ಲಿ ನೆಲೆಸಿದವಳು. ಪುಣೆಯ ಕನ್ನಡ ವ್ಯಾಪಾರಸ್ಥರು ಸೇರಿ ಕಟ್ಟಿಕೊಂಡ ಒಂದು ಟ್ರಸ್ಟಿನಲ್ಲಿ ಅವಳು ಕೆಲಸ ಮಾಡುತ್ತಾಳೆ. ಹಿಂದಿನ ವಾರ ಫೋನು ಮಾಡಿದ್ದಳು.

“ಮೇಡಮ್, ಚಾಕಣದಾಗ ಒಂದು ಸರ್ವೇ ಮಾಡಸೀವ್ರಿ. ಲೆಕ್ಕ ಬರೋಬ್ಬರಿ ಅದ. ಆದ್ರ ನನ್ನ ಮನಸ್ಸು ಒಪ್ಪವಲ್ದು. ನೀವು ಒಂದು ಸಲ ಬಂದು ನೋಡ್ರಿ.”

ವಿಷಯ ಇಷ್ಟು. ಪುಣೆಯ ಹತ್ತಿರದ ಚಾಕಣದ ಕಾರು ಕಾರ್ಖಾನೆಗಳ ಸುತ್ತ ಬಿಡಿಭಾಗ ಮಾಡುವ ಸಣ್ಣ ಸಣ್ಣ ಕಂಪನಿಗಳಿವೆ. ಅಲ್ಲಿ ದುಡಿಯುವವರಲ್ಲಿ ವಿಜಯಪುರ, ಕಲಬುರಗಿ ಕಡೆಯ ಕುಟುಂಬಗಳು ಬಹಳ. ಅವರಿಗಾಗಿ ಏನಾದರೂ ಮಾಡಬೇಕೆಂದು ಟ್ರಸ್ಟು ಹಣ ತೆಗೆದಿಟ್ಟಿತ್ತು. ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಪಾಳಣಾಘರ ಮಾಡುವುದೋ, ಮದುವೆ ಮುಂಜಿವೆಗೆ ಸಭಾಭವನ ಕಟ್ಟುವುದೋ? ಚಾಕಣದ ಎಲ್ಲ ಬಸ್ತಿ ಸೇರಿ ಸಾವಿರ ಮನೆಗಳನ್ನು ಕೇಳಿದರು. ಪಾಳಣಾಘರ ಬೇಕೆಂದವರು ಬೆರಳಲ್ಲಿ ಎಣಿಸುವಷ್ಟು. ಇನ್ನೆರಡು ವಾರದಲ್ಲಿ ಸಭೆ ಸೇರಿ ಸಭಾಭವನಕ್ಕೆ ಮಂಜೂರಾತಿ ಕೊಡುವವರಿದ್ದರು.

ನಾನು ನಿವೃತ್ತಳಾಗಿ ಒಂದು ತಿಂಗಳಾಗಿತ್ತು. ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದೆ. ಮಾದರಿ ಸಮೀಕ್ಷೆ ನನ್ನ ಮೆಚ್ಚಿನ ಪಾಠ. ಡಬ್ಬಿಯಲ್ಲಿ ಕೆಂಪು ಬಿಳಿ ಮಣಿ ತುಂಬಿ, ಹಿಡಿ ಹಿಡಿಯಾಗಿ ತೆಗೆದು, ಪ್ರತಿ ಹಿಡಿಯೂ ಸ್ವಲ್ಪ ಬೇರೆ ಬರುವುದನ್ನು ಹುಡುಗರಿಗೆ ತೋರಿಸುತ್ತಿದ್ದೆ. ಆದರೆ ಅಷ್ಟು ವರ್ಷದಲ್ಲಿ ಒಂದು ಮನೆಯ ಬಾಗಿಲನ್ನೂ ತಟ್ಟಿ ಏನನ್ನೂ ಕೇಳಿದವಳಲ್ಲ. ಚೀಲ ತುಂಬುವಾಗ ನಮ್ಮ ಮನೆಯವರು, “ರಿಟೈರ್ ಆದ ಮ್ಯಾಲೆ ಹೊಸಾ ನೌಕರಿ ಏನ?” ಎಂದು ನಕ್ಕರು. ನನಗೂ ನಗು ಬಂತು. 

ಮರುದಿನ ಶೈಲಾಳ ಮನೆಯಲ್ಲಿ ಅವಲಕ್ಕಿ ತಿಂದು ಲೆಕ್ಕ ನೋಡಲು ಕೂತೆ. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಕೂಡಿಸಿದ್ದು ಸರಿ, ಭಾಗಿಸಿದ್ದು ಸರಿ. ಎಲ್ಲಿಯೂ ತಪ್ಪಿರಲಿಲ್ಲ.

“ಲೆಕ್ಕ ಸರಿ ಅದ,” ಅಂದೆ. “ಇನ್ನ ಹೆಂಗ ಕೇಳ್ಯಾರ ಅನ್ನೋದನ್ನ ನೋಡೂಣು. ಕೇಳಿದವರ ಜೋಡಿ ನನ್ನ ಕಳಿಸು.”

ಮಾರನೆಯ ಬೆಳಗ್ಗೆ ಹೊರಟೆವು. ವಾಕಡದಿಂದ ಚಾಕಣ ಇಪ್ಪತ್ತೈದು ಕಿಲೋಮೀಟರ್ ಸಹ ಇರಲಿಕ್ಕಿಲ್ಲ. ನಮಗೆ ಹಿಡಿದದ್ದು ಹತ್ತಿರ ಹತ್ತಿರ ಎರಡು ತಾಸು. ಹೊಸ ಕಾರುಗಳನ್ನು ಎರಡಂತಸ್ತಾಗಿ ಹೇರಿಕೊಂಡ ಲಾರಿಗಳು ಮುಂದೆ, ಕಂಟೇನರುಗಳು ಹಿಂದೆ, ನಡುವೆ ನಮ್ಮ ರಿಕ್ಷಾ. ಮೇನ್ ರೋಡ್ ಬಿಟ್ಟು ಒಳಗೆ ತಿರುಗಿದರೆ ಸಾಲು ಸಾಲು ಚಾಳಗಳು; ತಗಡಿನ ಛಾವಣಿ, ಒಂದು ಖೋಲಿ, ಒಂದು ಕಿಟಕಿ, ಬಾಗಿಲ ಮುಂದೆ ಪ್ಲಾಸ್ಟಿಕ್ಕಿನ ನೀಲಿ ಡ್ರಮ್ಮು. ನಮ್ಮ ಜೊತೆಗೆ ಪ್ರಾಜಕ್ತಾ ಇದ್ದಳು, ಮೊದಲ ಸರ್ವೇಯಲ್ಲಿ ಮನೆ ಮನೆಗೆ ಹೋದ ಮರಾಠಿ ಹುಡುಗಿ. ಚುರುಕು, ಸಜ್ಜನೆ. ಕೆಲಸವನ್ನು ಅಂದು ಮಾಡಿದ ಹಾಗೆಯೇ ಮಾಡಿ ತೋರಿಸು ಎಂದೆ.

ಪ್ರತಿ ಹತ್ತನೆಯ ಮನೆ ಅವಳ ಪಾಲಿನದು. ಮೊದಲ ಹತ್ತನೆಯ ಬಾಗಿಲಿಗೆ ಹೊರಗಿನಿಂದ ಬೀಗ. “ಕುಲೂಪ್ ಆಹೆ,” ಎಂದು ಹೇಳಿ, ಒಂದು ಕ್ಷಣವೂ ತಡೆಯದೆ ಪಕ್ಕದ ಬಾಗಿಲು ತಟ್ಟಿದಳು. ಬೀಗವಿದ್ದರೆ ನೆರೆಮನೆಯವರನ್ನು ಕೇಳಬೇಕೆಂದು ಅವಳಿಗೆ ಹೇಳಿಕೊಟ್ಟಿದ್ದರು.

ಬಾಗಿಲು ತೆರೆದದ್ದು ಐವತ್ತು ದಾಟಿದ ಹೆಂಗಸು, ಕೈಯಲ್ಲಿ ಹಿಟ್ಟು. ಓಣಿಯೆಲ್ಲ ಆಕೆಯನ್ನು ಮೌಶಿ ಎನ್ನುತ್ತಿತ್ತು. ಪಾಳಣಾಘರ ಬೇಕೇ ಎಂದು ಪ್ರಾಜಕ್ತಾ ಮರಾಠಿಯಲ್ಲಿ ಕೇಳಿದಳು. ಮೌಶಿ ನಕ್ಕಳು. ತನ್ನ ಮಗನಿಗೇ ಮದುವೆಯಾಗಿದೆ, ತನಗೇಕೆ ಪಾಳಣಾಘರ? ಅಲ್ಲಿಗೆ ಆ ಮನೆ ಮುಗಿಯಿತು.

ನಾನು ಬೀಗದ ಮನೆಯ ಮುಂದೆಯೇ ನಿಂತಿದ್ದೆ. ಒಳಗೆ ಏನೋ ಉರುಳಿ ಬಿದ್ದ ಸದ್ದಾಯಿತು. ಕಿಟಕಿಗೆ ಮುಖ ಹಚ್ಚಿದೆ. ಸರಳಿನ ಆಚೆ ಒಂದು ಹುಡುಗಿ, ಆರು ವರ್ಷದವಳಿರಬಹುದು, ಸೊಂಟದ ಮೇಲೆ ತಮ್ಮನನ್ನು ಎತ್ತಿಕೊಂಡು ನಿಂತಿದ್ದಳು. ಕೂಸು ಮೂಗು ಸುರಿಸುತ್ತಿತ್ತು.

“ಅವ್ವ ಎಲ್ಲಿ ಹೋಗ್ಯಾಳವಾ?” ಎಂದೆ. ಕನ್ನಡ ಕೇಳಿ ಹುಡುಗಿಯ ಕಣ್ಣು ಅರಳಿತು.

“ಕಂಪನಿಗ್ರಿ. ಸಂಜೀಕ ಬರ್ತಾಳ. ಚಾವಿ ಮೌಶಿ ಕಡೆ ಅದ.”

“ನಿನ್ನ ಹೆಸರೇನ?”

“ಭಾಗ್ಯಾ. ಇವ ಮಲ್ಲು. ಇವಂಗ ಆಗಲೇ ಹಾಲು ಕುಡಿಸೀನಿ.”

ಪ್ರಾಜಕ್ತಾ ಬಂದು ನನ್ನ ಹೆಗಲ ಮೇಲಿಂದ ಇಣುಕಿದಳು. ಅವಳ ಮುಖದ ಬಣ್ಣವೇ ಹಾರಿಹೋಯಿತು. ಎಷ್ಟು ಬೀಗ ದಾಟಿ ಹೋಗಿದ್ದೆನೋ ಎಂದು ಮರಾಠಿಯಲ್ಲಿ ತನಗೆ ತಾನೇ ಹೇಳಿಕೊಂಡಳು. ನಾನು ಅವಳ ಕೈ ಹಿಡಿದೆ. ತಪ್ಪು ಅವಳದಲ್ಲ. ಹಗಲು ಹನ್ನೊಂದಕ್ಕೆ ಬಾಗಿಲು ತೆರೆಯುವವಳು ಮನೆಯಲ್ಲಿರುವ ಹೆಂಗಸು. ಅವಳಿಗೆ ಪಾಳಣಾಘರ ಬೇಡ. ಅದು ಬೇಕಾದವಳ ಮನೆಗೆ ಆ ಹೊತ್ತಿನಲ್ಲಿ ಬೀಗವೇ ಇರುತ್ತದೆ. ಸಾವಿರ ಮನೆ ಕೇಳಿದರೂ ಕೇಳಬೇಕಾದವರನ್ನು ಕೇಳದೆ ಬರುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿಯನ್ನು ಬೇಕೆಂದು ಹುಡುಕಿದರೂ ಸಿಗುತ್ತಿರಲಿಲ್ಲ.

ಮೌಶಿ ಚಾವಿ ತಂದು ಬಾಗಿಲು ತೆಗೆದಳು. ತಾಸಿಗೊಮ್ಮೆ ಹೀಗೆ ತೆಗೆದು ನೋಡುತ್ತಾಳಂತೆ. ಅವಳ ಸೊಂಟದಲ್ಲಿ ಅಂಥ ಇನ್ನೂ ನಾಲ್ಕೈದು ಚಾವಿಗಳು ತೂಗುತ್ತಿದ್ದವು.

ಅಂದು ಸಂಜೆಯೇ ಶೈಲಾ ಟ್ರಸ್ಟಿನ ಅಧ್ಯಕ್ಷರಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು. ಅಧ್ಯಕ್ಷರು ಚನ್ನಪ್ಪನವರು, ಬೈಲಹೊಂಗಲದ ಕಡೆಯವರು, ಪುಣೆಯಲ್ಲಿ ಮೆಣಸಿನಕಾಯಿ, ಬೆಲ್ಲದ ಸಗಟು ವ್ಯಾಪಾರ. ಎಲ್ಲ ಕೇಳಿ, “ನೋಡ್ರಿ ಮೇಡಮ್ನವರ, ಸಭಾ ದಿನಾ ಮುಂದ ಹಾಕೂದಿಲ್ಲ. ಅಷ್ಟರಾಗ ಏನ್ ಮಾಡ್ತೀರಿ ಮಾಡ್ರಿ,” ಎಂದರು. ನನಗೆ ಅಷ್ಟು ಸಾಕಿತ್ತು.

ಮುಂದಿನ ದಿನಗಳು ನನ್ನ ಬದುಕಿನಲ್ಲಿ ಅತ್ಯಂತ ಗಡಿಬಿಡಿಯವು. ಸಾವಿರ ಮನೆಗೆ ಹೋಗುವ ಸಮಯವೂ ಇರಲಿಲ್ಲ, ಜನವೂ ಇರಲಿಲ್ಲ. ಅಗತ್ಯವಂತೂ ಇರಲೇ ಇಲ್ಲ. ಈ ಒಂದು ಬಸ್ತಿಯನ್ನಷ್ಟೇ ಹಿಡಿದು, ಅದರ ಐನೂರು ಖೋಲಿಗಳಿಗೆಲ್ಲ ಸುಣ್ಣದ ಕಡ್ಡಿಯಿಂದ ನಂಬರು ಹಾಕಿದೆವು. ಧಾರವಾಡದಿಂದ ತಂದಿದ್ದ ನನ್ನ ಹಳೆಯ ಪಠ್ಯಪುಸ್ತಕದ ಕೊನೆಯ ಪುಟಗಳಲ್ಲಿ ಯಾವ ಕ್ರಮಕ್ಕೂ ಸಿಗದ ಅಂಕಿಗಳ ಕೋಷ್ಟಕವಿದೆ; ಕಣ್ಣು ಮುಚ್ಚಿ ಬೆರಳಿಟ್ಟು, ಅಲ್ಲಿಂದ ಸಿಕ್ಕ ಅಂಕಿಯಂತೆ ಇನ್ನೂರು ಮನೆ ಆರಿಸಿದೆ. ಯಾವ ಮನೆಗೂ ನಮ್ಮ ಮುಲಾಜಿಲ್ಲ. ಪ್ರತಿ ಮನೆಗೂ ಸಮಾನ ಅವಕಾಶ. ನಿಯಮ ಒಂದೇ. ಬಂದ ನಂಬರಿನ ಮನೆಯನ್ನೇ ಕೇಳಬೇಕು. ಬೀಗವಿದ್ದರೆ ಸಂಜೆ ಬರಬೇಕು, ಬೆಳಗ್ಗೆ ಪಾಳಿಗೆ ಹೋಗುವ ಮೊದಲು ಬರಬೇಕು. ಆಗಲೂ ಸಿಗದಿದ್ದರೆ ಗುರುವಾರ ಬರಬೇಕು. ಆ ಓಣಿಯ ಬಹಳಷ್ಟು ಸಣ್ಣ ಕಂಪನಿಗಳಿಗೆ ವಾರದ ರಜೆ ಗುರುವಾರ. ನೆರೆಮನೆಗೆ ಮಾತ್ರ ಹೋಗುವ ಹಾಗಿಲ್ಲ.

ಶೈಲಾ, ಪ್ರಾಜಕ್ತಾ, ನಾನು ಮತ್ತು ಪ್ರಾಜಕ್ತಾಳ ಗೆಳತಿಯರಿಬ್ಬರು. ಕೊಡೆ ಹಿಡಿದು ಕೆಸರು ತುಳಿದೆವು. ನನ್ನ ಚಪ್ಪಲಿಯ ಉಂಗುಷ್ಠ ಕಿತ್ತು, ಚಾಕಣದ ಪೇಟೆಯಲ್ಲಿ ಪ್ಲಾಸ್ಟಿಕ್ಕಿನ ಬೂಟು ಕೊಂಡೆ. ಅರವತ್ತರ ಹೆಂಗಸಿನ ಸೀರೆಯ ಕೆಳಗೆ ಹಸಿರು ಬೂಟು ಕಂಡು ಓಣಿಯ ಮಕ್ಕಳು ಬೆನ್ನು ಹತ್ತಿದವು. ಮಧ್ಯಾಹ್ನ ಖಾನಾವಳಿಯಲ್ಲಿ ಭಾಕರಿ, ಝುಣಕಾ, ಹಸಿಮೆಣಸಿನಕಾಯಿಯ ಠೇಚಾ. ಹಾಗೆ ಹಸಿದು ಉಂಡು ಎಷ್ಟು ವರ್ಷವಾಗಿತ್ತೋ!

ಗುರುವಾರ ಭಾಗ್ಯಾಳ ಮನೆಯ ಸರದಿ ಬಂತು. ನಮ್ಮ ಇನ್ನೂರರಲ್ಲಿ ಅದರ ನಂಬರೂ ತಾನಾಗಿಯೇ ಬಿದ್ದಿತ್ತು. ಮೂರು ಸಲ ಹೋದಾಗಲೂ ತಾಯಿ ಸಿಕ್ಕಿರಲಿಲ್ಲ, ಆ ವಾರ ಓವರ್‌ಟೈಮು ಇತ್ತಂತೆ. ಅಂದು ಬಾಗಿಲು ತೆರೆದಿತ್ತು. ಹೆಸರು ರೇಣುಕಾ, ಸಿಂದಗಿ ಕಡೆಯವಳು. ಕಾರಿನೊಳಗಿನ ವೈರು ಜೋಡಿಸುವ ಕೆಲಸ. ಗಂಡ ಲಾರಿಯ ಮೇಲೆ, ವಾರಕ್ಕೊಮ್ಮೆ ಮನೆಗೆ. ನಮ್ಮನ್ನು ಕೂಡಿಸಿ ಚಹಾಕ್ಕೆ ಇಟ್ಟಳು. ಪಾಳಣಾಘರದ ವಿಷಯ ಶೈಲಾ ಎತ್ತಿದ ಕೂಡಲೇ ರೇಣುಕಾ ಬಿಗಿಯಾದಳು.

“ಇಲ್ರೀ, ನಮಗೇನೂ ಬ್ಯಾಡ. ನಮ್ಮ ಮಕ್ಕಳನ್ನ ನಾವು ನೋಡ್ಕೋತೀವ್ರಿ.”

ನನಗೆ ಆಗ ಹೊಳೆಯಿತು. ಬೀಗ ದಾಟಿದರೆ ಸಾಲದು. ಬೇಕೇ ಎಂದು ಕೇಳಿದರೆ ತಾಯಿಗೆ ಕೇಳಿಸುವುದು, ‘ನಿನ್ನ ಕೈಲಿ ಮಕ್ಕಳನ್ನು ನೋಡಿಕೊಳ್ಳಲು ಆಗುವುದಿಲ್ಲವೇ?’ ಎಂದೇ. ಯಾವ ತಾಯಿ ಹೌದೆನ್ನುತ್ತಾಳೆ? ನಾನು ನೀರಿನ ಲೋಟ ಕೆಳಗಿಟ್ಟು ಬೇರೆ ರೀತಿ ಕೇಳಿದೆ.

“ರೇಣುಕಾ, ಅದನ್ನ ಬಿಡವಾ. ನಿನ್ನೆ ಮಧ್ಯಾಹ್ನ ಮಲ್ಲು ಎಲ್ಲಿದ್ದ? ಯಾರ ಕಡೆ ಇದ್ದ? ಅಷ್ಟ ಹೇಳು.”

 ಒಲೆಯ ಮೇಲೆ ಚಹಾ ಉಕ್ಕಿ ಚೆಲ್ಲಿತು, ಅವಳು ಅದನ್ನು ನೋಡಲಿಲ್ಲ.

“ಮನ್ಯಾಗ ಇದ್ದ್ರಿ,” ಎಂದಳು ಕೊನೆಗೆ. “ಭಾಗ್ಯಾನ ಕಡೆ. ಸಾಲಿಗೆ ಹಾಕಬೇಕಿತ್ತ್ರಿ ಆಕಿನ್ನ, ಹಾಕಿಲ್ಲ. ಮಷೀನ್ ಮುಂದ ಕುಂತ್ರೂ ಕಿವಿ ಇಲ್ಲೇ ಇರ್ತಾವ್ರಿ. ಗ್ಯಾಸ್ ಬಂದ ಮಾಡೀನೋ ಇಲ್ಲೋ, ಮೌಶಿ ತೆಗೆದು ನೋಡ್ಯಾಳೋ ಇಲ್ಲೋ... ಏನ್ ಮಾಡಲ್ರಿ ಅಕ್ಕಾರ? ಕೆಲಸ ಬಿಟ್ರ ಖೋಲಿ ಬಿಡಬೇಕಾಗ್ತದ.”

ಶೈಲಾ ಅತ್ತ ತಿರುಗಿ ಕಣ್ಣೊರೆಸಿಕೊಂಡಳು. ನಾನು ಎದ್ದು ಒಲೆ ಆರಿಸಿದೆ. ಅಂದಿನಿಂದ ಎಲ್ಲ ಮನೆಗಳಲ್ಲೂ ಅದೊಂದೇ ಪ್ರಶ್ನೆ: ನಿನ್ನೆ ಮಧ್ಯಾಹ್ನ ಮಗು ಎಲ್ಲಿತ್ತು? ಶುಕ್ರವಾರ ಮಾತ್ರ ಮೊನ್ನೆ ಮಧ್ಯಾಹ್ನದ್ದು ಕೇಳಿದೆವು. ಮೊದಲೇ ಕೇಳಿ ಮುಗಿಸಿದ್ದ ಮನೆಗಳಿಗೂ ತಿರುಗಿ ಹೋದೆವು. ಹುಡುಗಿಯರು ಒಬ್ಬರೂ ಗೊಣಗಲಿಲ್ಲ. ಪ್ರಾಜಕ್ತಾ ಒಂದು ಬೀಗದ ಮುಂದೆ ಐದು ಸಲ ಹೋಗಿ ನಿಂತಳು. ಐದನೆಯ ಸಲ ಬಾಗಿಲು ತೆರೆದಾಗ ಪಂದ್ಯ ಗೆದ್ದವಳಂತೆ ಓಣಿಯ ತುದಿಯಿಂದಲೇ ನನಗೆ ಕೈ ಬೀಸಿದಳು.

ಶೈಲಾಳ ಊಟದ ಮೇಜಿನ ಮೇಲೆ ಕೂತು ಲೆಕ್ಕ ಮಾಡಿದೆ. ಉತ್ತರ ಒಂದೇ ಅಂಕಿಯಾಗಿ ಬರಲಿಲ್ಲ, ಬರಬಾರದು ಕೂಡ. ಇನ್ನೂರು ಮನೆಯಿಂದ ಇಡೀ ಬಸ್ತಿಯ ಬಗ್ಗೆ ಹೇಳುವಾಗ ಸ್ವಲ್ಪ ಆಚೀಚೆ ಆಗಿಯೇ ಆಗುತ್ತದೆ. ಎಷ್ಟು ಆಚೀಚೆ ಎಂದು ಮುಚ್ಚುಮರೆಯಿಲ್ಲದೆ ಹೇಳುವುದೇ ನಮ್ಮ ವಿದ್ಯೆ. ಪಾಳಣಾಘರ ತೆರೆದರೆ ಬರಬೇಕಾದ ಮಕ್ಕಳು ಕಡಿಮೆಯೆಂದರೆ ನಲವತ್ತು, ಹೆಚ್ಚೆಂದರೆ ಎಪ್ಪತ್ತು. ನಲವತ್ತೇ ಹಿಡಿಯಿರಿ, ಅಷ್ಟು ಮಕ್ಕಳು ಹಗಲೆಲ್ಲ ಬೀಗದ ಒಳಗೆ, ಇಲ್ಲವೆ ಅವರಿವರ ಕಣ್ಣಳತೆಯಲ್ಲಿ ಇದ್ದರು.

ಸಭೆ ಸೇರಿದ್ದು ಪುಣೆಯ ಕ್ಯಾಂಪ್ ಭಾಗದಲ್ಲಿ, ಟ್ರಸ್ಟಿಗಳಲ್ಲೊಬ್ಬರಾದ ಕುಂದಾಪುರದವರ ಹೋಟೆಲಿನ ಮಾಳಿಗೆಯ ಮೇಲೆ. ಕೆಳಗಿನಿಂದ ದೋಸೆಯ ಪರಿಮಳ, ಹೊರಗೆ ಮಳೆ. ಹತ್ತಿಪ್ಪತ್ತು ಜನ ಗಂಡಸರ ಮುಂದೆ ನಾನು ಹೇಳುವುದನ್ನೆಲ್ಲ ಹೇಳಿದೆ. ಚನ್ನಪ್ಪನವರು ಬಿಳಿ ಟೊಪ್ಪಿಗೆ ಸರಿಮಾಡಿಕೊಂಡು ಕೇಳಿಯೇ ಬಿಟ್ಟರು.

“ಮೇಡಮ್ನವರ, ಮೊದಲ ಸಾವಿರ ಮನಿ ಕೇಳ್ಯಾರ. ನೀವು ಇನ್ನೂರು ಕೇಳಿ, ಅದು ಸುಳ್ಳು, ಇದು ಖರೇ ಅಂತೀರಿ. ಸಾವಿರ ದೊಡ್ಡದೋ, ಇನ್ನೂರು ದೊಡ್ಡದೋ?”

ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಉತ್ತರವನ್ನು ಸೂತ್ರದಲ್ಲಿ ತಯಾರು ಮಾಡಿಕೊಂಡಿದ್ದೆ. ಅವರ ಮುಖ ನೋಡಿದ ಮೇಲೆ ಸೂತ್ರವನ್ನು ಅಲ್ಲಿಯೇ ಬಿಟ್ಟೆ.

“ಚನ್ನಪ್ಪನವರ, ನಿಮ್ಮದು ತೂಕದ ಧಂದೆ. ನಿಮ್ಮ ತಕ್ಕಡಿ ತಟ್ಟಿ ಕೆಳಗ ಯಾರೋ ಹುಣಸಿಹಣ್ಣು ಹಚ್ಚ್ಯಾರ ಅಂತ ಇಟಗೋರಿ. ಸಾವಿರ ಸಲ ತೂಗಿದ್ರ ತೂಕ ಸರಿ ಆಗ್ತದೇನ್ರಿ?”

ಮಾಳಿಗೆ ತುಂಬ ನಗೆ. ವ್ಯಾಪಾರಸ್ಥರಿಗೆ ಹುಣಸೆಹಣ್ಣಿನ ಕಥೆ ಬಿಡಿಸಿ ಹೇಳಬೇಕೇ?

“ಎಲ್ಲಿಂದ ಸರಿ ಆಗ್ತದ್ರಿ? ಸಾವಿರ ಸಲಾನೂ ಅಷ್ಟ ಮೋಸ,” ಎಂದರು ಚನ್ನಪ್ಪನವರು.

“ಹಗಲಿನ್ಯಾಗ ಹೋಗಿ, ಕೀಲಿ ಹಾಕಿದ ಮನಿ ಬಿಟ್ಟದ್ದು, ಅದ ಹುಣಸಿಹಣ್ಣು. ಅದನ್ನ ತೆಗೆದು ಇನ್ನೂರು ಸಲ ತೂಗಿದ್ರೂ ಮುಳ್ಳು ಒಂದೀಟು ಆಡ್ತದ, ಇಲ್ಲನ್ನೂದಿಲ್ಲ. ಎಷ್ಟು ಆಡ್ತದ ಅನ್ನೋದನ್ನ ನಾ ಹೇಳಬಲ್ಲೆ. ಹುಣಸಿಹಣ್ಣು ಎಷ್ಟು ತಿಂತು ಅನ್ನೋದನ್ನ ಯಾವ ಲೆಕ್ಕಾನೂ ಹೇಳೂದಿಲ್ರಿ.”

ಆಮೇಲೆ ಪ್ರಾಜಕ್ತಾ ಎದ್ದು ನಿಂತು, ಕಿಟಕಿಯ ಸರಳಿನ ಆಚೆ ತಾನು ಕಂಡದ್ದನ್ನು ಮರಾಠಿಯಲ್ಲಿ ಹೇಳಿದಳು. ಎರಡೇ ಮಾತು. ಹೇಳಿ ಕೂತಳು.  ಹೋಟೆಲಿನವರು ಟೇಬಲ್ಲಿನ ಮೇಲೆ ಇಲ್ಲದ ನೀರನ್ನು ಒರೆಸತೊಡಗಿದರು.

ಚನ್ನಪ್ಪನವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಸಭಾಭವನ ಇರಲಿ. ಚಾಕಣದಾಗ, ಆ ಬಸ್ತಿ ಬಾಜೂಕನ ನಂದೊಂದು ಗೋದಾಮ ಅದ. ಗಾಳಿ ಬೆಳಕು ಭಾಳ ಛಲೋ ಅದ. ನಾಳೆನ ಖಾಲಿ ಮಾಡಸ್ತೀನಿ. ಮುಂದಿನ ಸೋಮವಾರ ಚಾಲೂ ಆಗಬೇಕು. ಯಾರದರ ಹರಕತ್ ಅದ ಏನ್ರಿ?”

ಯಾರ ಆಕ್ಷೇಪವೂ ಇರಲಿಲ್ಲ. ಕೆಳಗಿನಿಂದ ದೋಸೆ ಬಂತು. ನಾನು ಮೂರು ತಿಂದೆ.

ಗೋದಾಮು ಬ್ಯಾಡಗಿ ಮೆಣಸಿನಕಾಯಿಯದು. ಚೀಲ ಎತ್ತಿದ ಮೇಲೆ ಗೋಡೆ ತೊಳೆದರು, ಸುಣ್ಣ ಬಳಿದರು, ನೆಲ ಮೂರು ಸಲ ಸಾರಿಸಿದರು. ಆದರೂ ಒಳಗೆ ಕಾಲಿಟ್ಟವರೆಲ್ಲ ಸೀನಿದರು. ಚನ್ನಪ್ಪನವರು ತಾವೇ ನಿಂತು ಕಿಟಕಿಗಳಿಗೆ ಪಂಖಾ ಹಾಕಿಸಿ, ಎರಡು ದಿನ ಹಗಲೂ ರಾತ್ರಿ ತಿರುಗಿಸಿದರು. ಮಕ್ಕಳನ್ನು ನೋಡಿಕೊಳ್ಳಲು ತರಬೇತಿಯಾದ ಇಬ್ಬರು ಸಿಕ್ಕರು. ಮೂರನೆಯವಳು ಮೌಶಿ. ಅವಳಿಗೆ ಸಂಬಳ ಕೊಡಬೇಕೆಂದು ಹಟ ಹಿಡಿದವಳು ಶೈಲಾ. “ಆ ಓಣಿಯ ಅವ್ವಂದಿರು ನಮ್ಮನ್ನ ನಂಬಲಿಕ್ಕೆ ವರ್ಷ ಬೇಕ್ರಿ. ಮೌಶಿನ್ನ ಈಗಾಗಲೇ ನಂಬ್ಯಾರ,” ಎಂದಳು. ನನ್ನ ವಿದ್ಯಾರ್ಥಿನಿ ನನಗಿಂತ ಒಂದು ಹೆಜ್ಜೆ ಮುಂದಿದ್ದಳು. ಅದನ್ನು ಕಂಡು ನನಗಾದ ಸಂತೋಷ ಬೇರೆ ಯಾವ ಸಂತೋಷಕ್ಕೂ ಕಡಿಮೆಯದಲ್ಲ.

ಸೋಮವಾರ ಬೆಳಗ್ಗೆ ಮೊದಲ ಪಾಳಿಗೆ ಮುಂಚೆ ಬಾಗಿಲು ತೆರೆದೆವು. ಧಾರಾಕಾರ ಮಳೆ. ಒಳಗೆ ಚಾಪೆ ಹಾಸಿತ್ತು, ತೊಟ್ಟಿಲು ಕಟ್ಟಿತ್ತು, ರವೆಯ ಗಂಜಿ ಕುದಿಯುತ್ತಿತ್ತು. ಮಕ್ಕಳಿರಲಿಲ್ಲ. ಚನ್ನಪ್ಪನವರು ಬಾಗಿಲಲ್ಲಿ ಕೊಡೆ ಹಿಡಿದು ನಿಂತು ಓಣಿಯ ತಿರುವನ್ನೇ ನೋಡುತ್ತಿದ್ದರು.  ಮೂವತ್ತು ವರ್ಷದಲ್ಲಿ ಎಷ್ಟೋ ಅಂದಾಜು ಕಟ್ಟಿದ್ದೆ. ಒಂದೂ ಹೀಗೆ ಮಳೆಯಲ್ಲಿ ನೆನೆದುಕೊಂಡು, ಕಾಲಿಂದ ನಡೆದು ಬರಬೇಕಾದದ್ದಾಗಿರಲಿಲ್ಲ. ಅಂಕಿ ಸುಳ್ಳಾದರೆ ಅಳಿಸಿ ಬರೆಯಬಹುದು. ಈ ತೊಟ್ಟಿಲುಗಳನ್ನು ಏನು ಮಾಡುವುದು?

ಮೊದಲು ಕಂಡದ್ದು ಒಂದು ಕೆಂಪು ಪ್ಲಾಸ್ಟಿಕ್ ಚೀಲ. ಅದನ್ನು ತಲೆಯ ಮೇಲೆ ಮುಚ್ಚಿಕೊಂಡು ಭಾಗ್ಯಾ ಓಡಿ ಬರುತ್ತಿದ್ದಳು. ಹಿಂದೆ ಸೆರಗಿನೊಳಗೆ ಮಲ್ಲುವನ್ನು ಸುತ್ತಿಕೊಂಡ ರೇಣುಕಾ. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಕಂಪನಿಯ ನೀಲಿ ಅಂಗಿ ತೊಟ್ಟ ಮೂವರು, ಸೈಕಲ್ಲಿನ ಮೇಲೆ ಎರಡು ಮಕ್ಕಳನ್ನು ಕೂಡಿಸಿಕೊಂಡು ಒಬ್ಬ ಅಪ್ಪ. ಓಣಿಯ ತಿರುವಿನಿಂದ ಕೊಡೆಗಳು ಬರುತ್ತಲೇ ಇದ್ದವು. ಕೂಸುಗಳನ್ನು ಮೌಶಿಯ ತೋಳಿಗೆ ಕೊಟ್ಟು, ಡಬ್ಬಿ ಕೊಟ್ಟು, ಮೂಗು ಒರೆಸಿ, ಕಂಪನಿಯ ಬಸ್ಸು ಹಾರ್ನ್ ಹಾಕಿದ ಕೂಡಲೇ ತಾಯಂದಿರು ಸೀರೆ ಎತ್ತಿ ಕಟ್ಟಿ ಓಡಿದರು. ಒಳಗೆ ಅಳು, ನಗು, ಸೀನು. ಚನ್ನಪ್ಪನವರು ಬೆರಳು ಮಡಚಿ ಮಡಚಿ ಎಣಿಸುತ್ತಿದ್ದರು. ಎಣಿಸಿ ಮುಗಿಸಿ ನನ್ನ ಕಡೆ ತಿರುಗಿದಾಗ ಆ ದೊಡ್ಡ ಮೀಸೆಯ ಕೆಳಗೆ ಸಣ್ಣ ಹುಡುಗನ ನಗೆಯಿತ್ತು.

“ಮೇಡಮ್ನವರ! ನಲವತ್ತೇಳು!”

ನಲವತ್ತಕ್ಕೂ ಎಪ್ಪತ್ತಕ್ಕೂ ನಡುವೆ, ಮೊದಲ ದಿನವೇ. ನಾನು ಹಸಿರು ಬೂಟಿನಲ್ಲಿಯೇ ಒಂದು ಸುತ್ತು ಕುಣಿದೆನೆಂದು ಶೈಲಾ ಹೇಳುತ್ತಾಳೆ. ಇದ್ದರೂ ಇರಬಹುದು. ಪ್ರಾಜಕ್ತಾ ಮಾತ್ರ ನನ್ನ ಕೊರಳಿಗೆ ಜೋತುಬಿದ್ದು ಅತ್ತಳು, ಅದು ನನಗೆ ಚೆನ್ನಾಗಿ ನೆನಪಿದೆ. ಅವಳಿಗೆ ಗಂಜಿ ತಿನ್ನಿಸಿ ಸಮಾಧಾನ ಮಾಡಿದೆವು.

ಮರುದಿನ ಸ್ವಾರಗೇಟಿನಲ್ಲಿ ಎಸ್.ಟಿ. ಹತ್ತಿ ಕಿಟಕಿಯ ಬದಿ ಕೂತೆ. ಮಳೆ ನಿಂತು ಬಿಸಿಲು ಬಿದ್ದಿತ್ತು. ಕಾತ್ರಜದ ಘಾಟು ಏರುವಾಗ ಹಿಂದಕ್ಕೆ ತಿರುಗಿ ನೋಡಿದರೆ ಇಡೀ ಪುಣೆ ತೊಳೆದಿಟ್ಟ ಪಾತ್ರೆಗಳ ಹಾಗೆ ಹೊಳೆಯುತ್ತಿತ್ತು. ಅಷ್ಟರಲ್ಲಿ ಫೋನು. ಚನ್ನಪ್ಪನವರು.

“ಮೇಡಮ್ನವರ, ಬಸ್ಸಿನ್ಯಾಗ ಇದ್ದೀರೇನ್ರಿ? ಒಂದು ಕೇಳೂದಿತ್ತು. ಭೋಸರಿಯಾಗನೂ ಹಿಂಥವ ಚಾಳ ಭಾಳ ಅದಾವ. ಅಲ್ಲೇ ಎಷ್ಟು ಮನಿ ಕೇಳಿದ್ರ ಸಾಕಾಗ್ತದ್ರಿ? ನಮ್ಮ ಹುಡುಗೂರನ್ನ ಗುರುವಾರನ ಕಳಸ್ತೀನಿ. ಕೀಲಿ ಇದ್ರ ತಿರುಗಿ ಹೋಗ್ರಿ ಅಂತ ಹೇಳೀನಿ.”

ನಾನು ಉತ್ತರ ಶುರು ಮಾಡಿದೆ. ಪಾಠದ ಧ್ವನಿಯಲ್ಲಿ ಇದ್ದಿರಬೇಕು, ಮುಂದಿನ ಸೀಟಿನವರು ತಿರುಗಿ ನೋಡಿದರು. ಮೊದಲ ವಾಕ್ಯ ಮುಗಿಯುವಷ್ಟರಲ್ಲಿ ಬಸ್ಸು ಸುರಂಗದೊಳಗೆ ನುಗ್ಗಿತು, ಮಾತು ಕಡಿಯಿತು. ಕತ್ತಲಲ್ಲಿ ಫೋನು ಹಿಡಿದುಕೊಂಡು ಕಾದೆ. ಬೆಳಕಿಗೆ ಬಂದ ಕೂಡಲೇ ಅದು ಮತ್ತೆ ಗಂಟೆ ಹೊಡೆಯತೊಡಗಿತು.